ಗರ್ಭಿಣಿಯ ಉಸಿರು: ಅಳತೆಯ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿದಾಗ

ಮಾನ್ಯ ಸಂಪಾದಕರೇ,

ಹೊಗೆಮಂಜು ಕವಿದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ಪ್ರಕಟವಾಗುತ್ತದೆ. ಗರ್ಭಿಣಿಯರು ಹೊರಗೆ ಓಡಾಡಬಾರದು, ಕಿಟಕಿ ಮುಚ್ಚಿಕೊಳ್ಳಬೇಕು, ಮಾಸ್ಕ್ ಹಾಕಬೇಕು, ಏರ್ ಪ್ಯೂರಿಫೈಯರ್ ಬಳಸಬೇಕು ಎಂದು ಅದರಲ್ಲಿರುತ್ತದೆ. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಹೊರಗೆ ಹೋಗದಿದ್ದರೆ ಅಂದಿನ ಕೂಲಿಯೇ ಇಲ್ಲ ಎನ್ನುವವಳಿಗೆ, ಒಂದೇ ಕೋಣೆಯಲ್ಲಿ ಐದಾರು ಜನರ ಜೊತೆ ಮಲಗುವವಳಿಗೆ, ಕಿಟಕಿಯ ಆಚೆಗಿಂತ ಈಚೆಯೇ ಹೊಗೆ ಹೆಚ್ಚಿರುವವಳಿಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಇದು ಎಲ್ಲರೂ ಬಲ್ಲ ವಿಷಯ. ಗರ್ಭಿಣಿಯರ ಆರೈಕೆ, ಶ್ವಾಸಕೋಶದ ಕಾಯಿಲೆ ಮತ್ತು ಗಾಳಿಯ ಅಳತೆಯ ಕೆಲಸದಲ್ಲಿ ತೊಡಗಿರುವ ನಾವು ಈ ಪತ್ರ ಬರೆಯುತ್ತಿರುವುದು ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸಂಗತಿಯ ಬಗ್ಗೆ. ಅಪಾಯವನ್ನು ಅಳೆಯಲು ನಾವು ಬಳಸುವ ಉಪಕರಣ, ಸರಾಸರಿ, ದಾಖಲೆಗಳೇ ಬಡ ಗರ್ಭಿಣಿಯ ಅಪಾಯವನ್ನು ಇರುವುದಕ್ಕಿಂತ ಕಡಿಮೆ ಮಾಡಿ ತೋರಿಸುತ್ತವೆ. ಅಳತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ತಪ್ಪಿದ್ದರೆ ಹೇಗೋ ಸರಿದೂಗುತ್ತಿತ್ತು. ಇಲ್ಲಿ ಅದು ಪ್ರತಿ ಹಂತದಲ್ಲೂ ಒಂದೇ ಕಡೆಗೆ ವಾಲುತ್ತದೆ.

ಮೊದಲು ಗರ್ಭಿಣಿಯ ದೇಹದೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಗರ್ಭಾವಸ್ಥೆಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಉಸಿರಾಟದ ಕೇಂದ್ರವನ್ನು ಚುರುಕುಗೊಳಿಸುತ್ತದೆ. ಆಗ ಉಸಿರಿನ ಸಂಖ್ಯೆ ಹೆಚ್ಚೇನೂ ಏರುವುದಿಲ್ಲ, ಪ್ರತಿ ಉಸಿರು ಆಳವಾಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 7.5 ಲೀಟರ್ ಗಾಳಿ ಎಳೆದುಕೊಳ್ಳುತ್ತಿದ್ದವಳು ದಿನ ತುಂಬುವ ಹೊತ್ತಿಗೆ 10.5 ಲೀಟರ್ ಎಳೆದುಕೊಳ್ಳುತ್ತಾಳೆ. ಇತ್ತ ಬೆಳೆಯುವ ಗರ್ಭಕೋಶ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳಿರುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಐದನೇ ಒಂದು ಭಾಗದಷ್ಟು ತಗ್ಗುತ್ತದೆ, ದೇಹ ಬಳಸುವ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಅಂದರೆ ಖರ್ಚು ಹೆಚ್ಚು, ಕೂಡಿಟ್ಟದ್ದು ಕಡಿಮೆ. ನ್ಯುಮೋನಿಯಾ ಬಂದ ಗರ್ಭಿಣಿ ಬೆಳಗ್ಗೆ ಮಾತಾಡಿಕೊಂಡಿದ್ದು ಸಂಜೆಯೊಳಗೆ ಆಮ್ಲಜನಕದ ಆಸರೆ ಬೇಡುವ ಸ್ಥಿತಿಗೆ ಇಳಿಯುವುದು ಇದರಿಂದಲೇ. ಮೂಗಿನ ಒಳಪೊರೆಯೂ ರಕ್ತ ತುಂಬಿ ಊದಿಕೊಳ್ಳುವುದರಿಂದ ಎಷ್ಟೋ ಮಂದಿ ಬಾಯಿಂದ ಉಸಿರಾಡತೊಡಗುತ್ತಾರೆ. ಮೂಗಿನಲ್ಲೇ ಸಿಕ್ಕಿಬೀಳಬೇಕಿದ್ದ ದೂಳು ಆಗ ನೇರ ಒಳಗಿಳಿಯುತ್ತದೆ.

ಆ ಗಾಳಿಯಲ್ಲಿರುವ ಪಿಎಂ 2.5 ಎಂಬ ಕಣಗಳು 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣವು. ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೆ ಇಳಿಯಬಲ್ಲವು. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಫವನ್ನು ಮೇಲ್ಮುಖವಾಗಿ ದೂಡುತ್ತಿರುತ್ತವೆ. ಹೊಗೆ ಅವುಗಳ ಬಡಿತವನ್ನು ಮಂದಗೊಳಿಸುತ್ತದೆ. ಗಾಳಿಚೀಲಗಳಲ್ಲಿ ರೋಗಾಣುಗಳನ್ನು ನುಂಗುವ ಕಾವಲು ಕೋಶಗಳು ಮಸಿಯನ್ನೇ ನುಂಗಿ ನುಂಗಿ ಸುಸ್ತಾಗುತ್ತವೆ, ಬ್ಯಾಕ್ಟೀರಿಯಾ ಬಂದಾಗ ಅವುಗಳಿಗೆ ಕಸುವು ಉಳಿದಿರುವುದಿಲ್ಲ. ನೈಟ್ರೋಜನ್ ಡೈಆಕ್ಸೈಡ್ ಮತ್ತು ಓಝೋನ್ ಅನಿಲಗಳು ಒಳಪೊರೆಯನ್ನು ಕೆರಳಿಸಿ ಸೋಂಕಿಗೆ ದಾರಿ ಸಲೀಸು ಮಾಡುತ್ತವೆ. ಭ್ರೂಣವನ್ನು ತನ್ನದಲ್ಲವೆಂದು ತಿರಸ್ಕರಿಸದಿರಲು ತಾಯಿಯ ರೋಗನಿರೋಧಕ ವ್ಯವಸ್ಥೆ ಇದೇ ಕಾಲದಲ್ಲಿ ತನ್ನ ವರಸೆ ಬದಲಿಸಿಕೊಂಡಿರುತ್ತದೆ. 2009ರ ಎಚ್1ಎನ್1 ಫ್ಲೂ ಪಿಡುಗಿನಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಶೇ 1ರಷ್ಟಿದ್ದ ಗರ್ಭಿಣಿಯರು ವರದಿಯಾದ ಸಾವುಗಳಲ್ಲಿ ಸುಮಾರು ಶೇ 5ರಷ್ಟಿದ್ದರು. 1918 ಮತ್ತು 1957ರ ಫ್ಲೂ ಪಿಡುಗುಗಳಲ್ಲೂ ಗರ್ಭಿಣಿಯರಿಗೆ ಇದೇ ರೀತಿ ಹೆಚ್ಚಿನ ಪೆಟ್ಟು ಬಿದ್ದಿತ್ತು.

ಅಳತೆಯ ಮೊದಲ ಎಡವಟ್ಟು ಗಾಳಿಯಲ್ಲೇ ಶುರುವಾಗುತ್ತದೆ. ವಾಯು ಗುಣಮಟ್ಟ ಸೂಚ್ಯಂಕ ಎಂದು ನಾವು ಓದುವ ಒಂಟಿ ಅಂಕಿ ಸಾಮಾನ್ಯವಾಗಿ 24 ಗಂಟೆಗಳ ಸರಾಸರಿಯಿಂದ ಬಂದದ್ದು. ಹಲವು ಮಾಲಿನ್ಯಕಾರಕಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದರ ಅಂಕಿಯನ್ನೇ ಇಡೀ ಸೂಚ್ಯಂಕವಾಗಿ ಹೇಳಲಾಗುತ್ತದೆ. ಯಂತ್ರ ಇರುವುದು ಎಲ್ಲೋ ಕಟ್ಟಡದ ತಾರಸಿಯ ಮೇಲೆ, ಉಸಿರಾಡುವವಳು ಇರುವುದು ರಸ್ತೆಯ ಮಟ್ಟದಲ್ಲಿ. ವಾಹನದಟ್ಟಣೆಯ ಹೆದ್ದಾರಿಯ ಅಂಚಿನಲ್ಲಿ ಅತಿಸೂಕ್ಷ್ಮ ಕಣಗಳು ಮತ್ತು ಮಸಿ ಗರಿಷ್ಠ ಮಟ್ಟದಲ್ಲಿದ್ದು, ಕೆಲವು ನೂರು ಮೀಟರ್ ದೂರದೊಳಗೆ ಸುತ್ತಲ ಗಾಳಿಯ ಮಟ್ಟಕ್ಕೆ ಇಳಿಯುತ್ತವೆ. ಆ ಕೆಲವು ನೂರು ಮೀಟರ್ ಪಟ್ಟಿಯಲ್ಲಿ ಬಾಡಿಗೆ ಕಡಿಮೆ. ಯಾರು ಅಲ್ಲಿ ಮನೆ ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗಂಟೆಯ ಲೆಕ್ಕವೂ ಅಷ್ಟೇ ಮುಖ್ಯ. ರಾತ್ರಿ ನೆಲ ತಣ್ಣಗಾಗಿ ಅದರ ಮೇಲೆ ತಂಪು ಗಾಳಿಯ ಪದರ ಕೂತಾಗ ಹೊಗೆ ಮೇಲೇರದೆ ಕೆಳಗೇ ಉಳಿಯುತ್ತದೆ. ಆದ್ದರಿಂದ ನಸುಕಿನಿಂದ ಬೆಳಗಿನ ವಾಹನದಟ್ಟಣೆ ಮುಗಿಯುವವರೆಗೆ ಕಣಗಳ ಪ್ರಮಾಣ ಹೆಚ್ಚಿರುತ್ತದೆ. ಬಿಸಿಲೇರಿ ಗಾಳಿ ಕದಡಿದ ಮೇಲೆ ಇಳಿಯುತ್ತದೆ. ಓಝೋನ್ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ಬಿಸಿಲಿನ ಮಧ್ಯಾಹ್ನದಲ್ಲಿ ಏರುತ್ತದೆ. ರಸ್ತೆ ಗುಡಿಸುವುದು, ತರಕಾರಿ ಮೂಟೆ ಇಳಿಸುವುದು, ಕಸ ಬೇರ್ಪಡಿಸುವುದು ಇವೆಲ್ಲ ನಡೆಯುವುದು ಕಣಗಳು ಹೆಚ್ಚಿರುವ ಆ ಬೆಳಗಿನ ಗಂಟೆಗಳಲ್ಲೇ. ಗುಡಿಸುವವಳಿಗೆ ಪೊರಕೆಯಿಂದೇಳುವ ದೂಳು ಬೇರೆ. ದಿನದ ಸರಾಸರಿ ಎಂಬ ಅಂಕಿಯಲ್ಲಿ ಅವಳ ಆ ಬೆಳಗಿನ ಗಂಟೆಗಳು ಕರಗಿಹೋಗಿರುತ್ತವೆ.

ಒಂದು ಲೆಕ್ಕ ಹಾಕಿ ನೋಡಿ. ಪಿಎಂ 2.5 ಪ್ರಮಾಣ ಒಂದು ಘನ ಮೀಟರ್‌ಗೆ 100 ಮೈಕ್ರೊಗ್ರಾಂ ಇರುವ ಬೀದಿಯಲ್ಲಿ ಮೈಮುರಿದು ದುಡಿಯುವ ಗರ್ಭಿಣಿ ನಿಮಿಷಕ್ಕೆ 25 ಲೀಟರ್ ಗಾಳಿ ಎಳೆದುಕೊಳ್ಳುತ್ತಾಳೆ ಎಂದಿಟ್ಟುಕೊಳ್ಳೋಣ. ಎಂಟು ಗಂಟೆಗೆ 12 ಘನ ಮೀಟರ್ ಗಾಳಿ, ಅದರೊಡನೆ 1,200 ಮೈಕ್ರೊಗ್ರಾಂ ಕಣ. ಅದೇ ಎಂಟು ಗಂಟೆ 15 ಮೈಕ್ರೊಗ್ರಾಂ ಮಟ್ಟದ ಶೋಧಿಸಿದ ಕೋಣೆಯಲ್ಲಿ ಕುಳಿತಿರುವವಳಿಗೆ 5 ಘನ ಮೀಟರ್ ಗಾಳಿ, 75 ಮೈಕ್ರೊಗ್ರಾಂ ಕಣ. ಗಾಳಿಯಲ್ಲಿನ ಕಣಗಳ ಮಟ್ಟವನ್ನಷ್ಟೇ ಹೋಲಿಸಿದರೆ ಇಬ್ಬರ ನಡುವಿನ ಅಂತರ ಏಳು ಪಟ್ಟಿಗಿಂತ ಕಡಿಮೆ, ಒಳಹೊಕ್ಕ ಕಣಗಳನ್ನು ಹೋಲಿಸಿದರೆ 16 ಪಟ್ಟು. ದೈಹಿಕ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸೂಚ್ಯಂಕವೂ ಈ ಅಂತರವನ್ನು ತೋರಿಸಲಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ಮಿತಿಯನ್ನು ವಾರ್ಷಿಕ ಸರಾಸರಿಗೆ 5 ಮೈಕ್ರೊಗ್ರಾಂ, 24 ಗಂಟೆಯ ಸರಾಸರಿಗೆ 15 ಮೈಕ್ರೊಗ್ರಾಂ ಎಂದು ಬಿಗಿಗೊಳಿಸಿತು. 2005ರಲ್ಲಿ ಅವು 10 ಮತ್ತು 25 ಇದ್ದವು. ಇವು ಗಾಳಿಯ ಮಿತಿಗಳೇ ಹೊರತು ಆ ಗಾಳಿಯಲ್ಲಿ ದುಡಿಯುವವರು ಒಳಗೆಳೆದುಕೊಳ್ಳುವ ಪ್ರಮಾಣದ ಮಿತಿಗಳಲ್ಲ.

ಎರಡನೆಯ ಎಡವಟ್ಟು ಆಸ್ಪತ್ರೆಯ ಮೇಜಿನ ಮೇಲಿದೆ. ನಮಗೆ ಅತಿ ಹೆಚ್ಚು ಕಳವಳ ತರುವುದು ಇದೇ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲೆಡೆ ಇದೆ. ಗರ್ಭಿಣಿಗೆ ಅದು ತೋರಿಸುವ ಸ್ಯಾಚುರೇಶನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಶೇ 95 ಅಥವಾ ಹೆಚ್ಚು ಇರಬೇಕು. ಬೇರೆಯವರಿಗೆ 92, 93 ಸಾಕೆಂದು ಬಿಡುವ ಸಂದರ್ಭಗಳಲ್ಲೂ ಇವಳಿಗೆ ಅದು ಸಾಲದು, ಏಕೆಂದರೆ ಮಾಸಿನ ಮೂಲಕ ಭ್ರೂಣಕ್ಕೆ ಆಮ್ಲಜನಕ ದಾಟಬೇಕಾದರೆ ತಾಯಿಯ ರಕ್ತದಲ್ಲಿ ಆ ಮಟ್ಟ ಇರಲೇಬೇಕು. ಒಂದೆರಡು ಅಂಕಿಯ ವ್ಯತ್ಯಾಸದ ಮೇಲೇ ತೀರ್ಮಾನ ನಿಂತಿರುವ ಇಂಥ ಕಡೆ ಈ ಉಪಕರಣ ಮೂರು ರೀತಿಯಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ.

ಒಂದು, ಚರ್ಮದ ಬಣ್ಣ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದರೂ ರಕ್ತ ಪರೀಕ್ಷೆಯಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಮಾಣ ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಎರಡು, ಹೊಗೆ. ಒಲೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಎರಡೇ ತರಂಗಾಂತರದ ಬೆಳಕಿನಲ್ಲಿ ನೋಡುವ ಸಾಮಾನ್ಯ ಆಕ್ಸಿಮೀಟರ್‌ಗೆ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವೂ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಅದು ಎರಡನ್ನೂ ಕೂಡಿಸಿ ಚೆಂದದ ಅಂಕಿ ಕೊಡುತ್ತದೆ. ಭ್ರೂಣದ ರಕ್ತದಲ್ಲಂತೂ ಈ ಅನಿಲ ತಾಯಿಯ ರಕ್ತಕ್ಕಿಂತ ಹೆಚ್ಚು ಸೇರಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೂರು, ರಕ್ತಹೀನತೆ. ಆಕ್ಸಿಮೀಟರ್ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ತುಂಬಿದೆ ಎಂದು ಮಾತ್ರ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹಿಮೋಗ್ಲೋಬಿನ್ 12 ಗ್ರಾಂ ಇದ್ದು ಸ್ಯಾಚುರೇಶನ್ 98 ಇದ್ದರೆ 100 ಮಿಲಿಲೀಟರ್ ರಕ್ತದ ಹಿಮೋಗ್ಲೋಬಿನ್ ಸುಮಾರು 15.8 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 7 ಗ್ರಾಂ ಇರುವವಳಿಗೂ ಪರದೆಯ ಮೇಲೆ ಅದೇ 98. ಆದರೆ ಅವಳ ರಕ್ತ ಹೊರುವುದು ಸುಮಾರು 9.2 ಮಿಲಿಲೀಟರ್.

ಈ ಮೂರರಲ್ಲಿ ಹೊಗೆ, ರಕ್ತಹೀನತೆ ಎರಡೂ ಬಡತನದ ಬೆನ್ನಿಗೇ ಬರುತ್ತವೆ, ಕಪ್ಪು ಚರ್ಮ ಎಷ್ಟೋ ಸಮಾಜಗಳಲ್ಲಿ ಅದರ ಜೊತೆಗಿರುತ್ತದೆ. ಒಬ್ಬಳಲ್ಲೇ ಮೂರೂ ಕೂಡಿದಾಗ ‘ಸ್ಯಾಚುರೇಶನ್ ಚೆನ್ನಾಗಿದೆ, ಮನೆಗೆ ಹೋಗಮ್ಮ’ ಎಂಬ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಮೇಲಾಗಿ ತಣ್ಣಗಿನ ಬೆರಳು, ಉಗುರಿನ ಬಣ್ಣ, ಕೈ ಅಲುಗಾಟ ಎಲ್ಲವೂ ಅಂಕಿಯನ್ನು ಕೆಡಿಸುತ್ತವೆ. ಬೆರಳನ್ನು ಉಜ್ಜಿ ಬೆಚ್ಚಗಾಗಿಸಿ, ಬಣ್ಣ ಒರೆಸಿ, ಅಂಕಿ ಕುಣಿಯುವುದು ನಿಂತ ಮೇಲೆ ಅರ್ಧ ನಿಮಿಷ ಕಾದು ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡ ಒಂಟಿ ಅಂಕಿಗಿಂತ ಎರಡು ಗಂಟೆಗಳಲ್ಲಿ ಅದು ಯಾವ ಕಡೆ ಸಾಗಿದೆ ಎಂಬುದಕ್ಕೆ ಹೆಚ್ಚು ಗಮನ ಕೊಡಬೇಕು.

ಇದಕ್ಕೆ ಮದ್ದು ದುಬಾರಿಯಲ್ಲ, ಗಡಿಯಾರದ ಸೆಕೆಂಡ್ ಮುಳ್ಳು ಸಾಕು. ಗರ್ಭಿಣಿಯನ್ನು ಐದು ನಿಮಿಷ ಕೂರಿಸಿ, ಎಣಿಸುತ್ತಿದ್ದೇವೆಂದು ಹೇಳದೆ, ನಾಡಿ ಹಿಡಿದ ಹಾಗೆ ಮಾಡಿ ಎದೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡ್ ಎಣಿಸಬೇಕು. ಎಣಿಸುತ್ತಾರೆಂದು ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇಲ್ಲಿ ಸಲ್ಲದು, ಒಂದು ಉಸಿರು ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಗರ್ಭಿಣಿಯ ಉಸಿರು ಆಳವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ ಎಂದು ಮೇಲೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಬಸುರಿಯಲ್ಲವೇ, ಏದುಸಿರು ಸಹಜ’ ಎಂದು ತಳ್ಳಿಹಾಕಲು ನಿಮಿಷಕ್ಕೆ 20 ಮೀರಿದ ಉಸಿರು ಅವಕಾಶ ಕೊಡುವುದಿಲ್ಲ. ಆಸ್ಪತ್ರೆಗಳು ಬಳಸುವ ಕೆಲವು ತಾಯಂದಿರ ಎಚ್ಚರಿಕೆ ಪಟ್ಟಿಗಳಲ್ಲಿ 21ರಿಂದ 30 ಹಳದಿ ಬಣ್ಣದ ಅಂಕಣ, 30ಕ್ಕೂ ಹೆಚ್ಚಾದರೆ ಕೆಂಪು. ಮೆಟ್ಟಿಲೇರಿದಾಗ ಏದುಸಿರು ಬರುವುದು ಬೇರೆ. ಕುಳಿತಲ್ಲೇ ಏದುಸಿರು, ಒಂದು ವಾಕ್ಯ ಮುಗಿಸಲಾಗದಿರುವುದು, ಜ್ವರದ ಜೊತೆಗಿನ ಏದುಸಿರು, ಎದೆ ಚುಚ್ಚುವುದು, ಗೊಂದಲದ ಮಾತು, ಮಗುವಿನ ಚಲನೆ ಕಡಿಮೆಯಾಗುವುದು ಬೇರೆ. ಇವುಗಳಲ್ಲಿ ಒಂದಿದ್ದರೂ ಅವಳು ಅದೇ ದಿನ ಆಮ್ಲಜನಕ ಮತ್ತು ಎಕ್ಸ್‌ರೇ ಸೌಲಭ್ಯ ಇರುವ ಕಡೆ ಇರಬೇಕು.

ರಕ್ತದ ಅನಿಲ ಪರೀಕ್ಷೆ ಓದುವ ಕಿರಿಯ ವೈದ್ಯರಿಗೂ ಒಂದು ಮಾತು. ಗರ್ಭಿಣಿಯಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 28ರಿಂದ 32 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುವುದು ಸಹಜ. ವರದಿಯಲ್ಲಿ 40 ಎಂದಿದ್ದರೆ ಅದರ ಪಕ್ಕದಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುತ್ತದೆ. ಏದುಸಿರು ಬಿಡುತ್ತಿರುವ ಗರ್ಭಿಣಿಯಲ್ಲಿ ಅದೇ 40 ಎಂದರೆ ಅವಳ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ.

ಎಕ್ಸ್‌ರೇ ಭಯದಿಂದಲೂ ಚಿಕಿತ್ಸೆ ತಡವಾಗುತ್ತಿದೆ. ಒಂದು ಎದೆಯ ಎಕ್ಸ್‌ರೇಯಿಂದ ಭ್ರೂಣಕ್ಕೆ ತಲುಪುವ ವಿಕಿರಣ 0.01 ಮಿಲಿಗ್ರೇಗಿಂತ ಹೆಚ್ಚಿಲ್ಲ. ಹಾನಿಯ ಚರ್ಚೆ ಶುರುವಾಗುವುದೇ 50 ಮಿಲಿಗ್ರೇ ಮೇಲೆ. ನ್ಯುಮೋನಿಯಾ ಅನುಮಾನವಿದ್ದರೆ ಎಕ್ಸ್‌ರೇ ತೆಗೆಯದಿರುವುದೇ ಅಪಾಯ. ಫ್ಲೂ ವಿಷಯದಲ್ಲೂ ಹಾಗೆಯೇ. ಫ್ಲೂ ವೈರಸ್ಸಿನ ಔಷಧ ಆಸೆಲ್ಟಾಮಿವಿರ್ 75 ಮಿಲಿಗ್ರಾಂ ದಿನಕ್ಕೆರಡು ಬಾರಿ ಐದು ದಿನ ಎಂಬುದು ವೈದ್ಯರು ಬರೆಯುವ ರೂಢಿಯ ಪ್ರಮಾಣ. ಅದು ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಕಾಣಿಸಿಕೊಂಡ 48 ಗಂಟೆಯೊಳಗೆ ಶುರುಮಾಡಿದರೆ, ಆದ್ದರಿಂದ ಗರ್ಭಿಣಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯಬಾರದು. ಸಂಬಳದ ರಜೆ ಇರುವವಳು ಮೊದಲ ದಿನವೇ ವೈದ್ಯರ ಬಳಿ ಬರುತ್ತಾಳೆ. ಕೂಲಿಯವಳು ಮೊದಲ ಎರಡು ದಿನ ಕೆಲಸಕ್ಕೆ ಹೋಗಿ, ಏಳಲಾಗದ ಮೂರನೆಯ ದಿನ ಬರುತ್ತಾಳೆ. ವೈರಸ್ಸೂ ಅದೇ, ಮಾತ್ರೆಯೂ ಅದೇ, ಆದರೆ ಇವಳ 48 ಗಂಟೆ ದುಡಿಮೆಯಲ್ಲೇ ಮುಗಿದಿರುತ್ತದೆ. ನೋವು, ಜ್ವರಕ್ಕೆ ಕೈಗೆ ಸಿಕ್ಕ ಮಾತ್ರೆ ನುಂಗುವುದೂ ಬೇಡ. ಪ್ಯಾರಾಸಿಟಮಾಲ್ ಸಾಕು, 20 ವಾರ ದಾಟಿದ ಮೇಲೆ ಐಬುಪ್ರೊಫೆನ್ ಬಗೆಯ ಔಷಧಗಳನ್ನು ವೈದ್ಯರ ಮಾತಿಲ್ಲದೆ ಮುಟ್ಟಬಾರದು.

ಮೂರನೆಯ ಎಡವಟ್ಟು ದಾಖಲೆಯದು. ವಾಯುಮಾಲಿನ್ಯ ಮತ್ತು ಗರ್ಭಾವಸ್ಥೆ ಎಂದ ಕೂಡಲೇ ಚರ್ಚೆ ಮಗುವಿನ ತೂಕಕ್ಕೆ ಹೊರಳುತ್ತದೆ. ಅದಕ್ಕೆ ಗಟ್ಟಿ ಪುರಾವೆಗಳಿವೆ. ಅಮೆರಿಕದ ಎರಡು ರಾಜ್ಯಗಳಲ್ಲಿ ಟೋಲ್ ಗೇಟುಗಳಲ್ಲಿ ವಾಹನ ನಿಲ್ಲಿಸದೆ ಸುಂಕ ಪಡೆಯುವ ವ್ಯವಸ್ಥೆ ಬಂದ ಮೇಲೆ, ಗೇಟಿನಿಂದ 2 ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆ ಮತ್ತು ಕಡಿಮೆ ತೂಕದ ಜನನ ಎರಡೂ ಶೇ 10ಕ್ಕಿಂತ ಹೆಚ್ಚು ತಗ್ಗಿದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2019ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಮಾಸಿನ ಭ್ರೂಣದ ಬದಿಯಲ್ಲೇ ಮಸಿಯ ಕಣಗಳನ್ನು ಕಂಡರು. ಇವೆಲ್ಲ ಮುಖ್ಯವೇ. ಈ ನಡುವೆ ತಾಯಿಯ ಶ್ವಾಸಕೋಶ ಮಾತ್ರ ಲೆಕ್ಕದಿಂದ ಜಾರಿಹೋಗಿದೆ. ಭಾರತ, ಗ್ವಾಟೆಮಾಲ, ಪೆರು, ರುವಾಂಡಗಳಲ್ಲಿ 3,200 ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದ ಹೇಪಿನ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಅರ್ಧದಷ್ಟು ಮನೆಗಳಿಗೆ ಅಡುಗೆ ಅನಿಲದ ಒಲೆ ಮತ್ತು 18 ತಿಂಗಳ ಅನಿಲ ಉಚಿತ. ಅದರ ನಾಲ್ಕು ಪ್ರಧಾನ ಫಲಿತಾಂಶಗಳು: ಮಗುವಿನ ಜನನ ತೂಕ, ಕುಂಠಿತ ಬೆಳವಣಿಗೆ, ಶಿಶುವಿನ ತೀವ್ರ ನ್ಯುಮೋನಿಯಾ, ಮನೆಯ ಹಿರಿಯ ಮಹಿಳೆಯರ ರಕ್ತದೊತ್ತಡ. ಗರ್ಭಿಣಿಯ ನ್ಯುಮೋನಿಯಾ ಆ ನಾಲ್ಕರಲ್ಲಿ ಇರಲಿಲ್ಲ.

ಆ ಪ್ರಯೋಗದ ಫಲಿತಾಂಶವನ್ನು ಇಟ್ಟುಕೊಂಡು ‘ಒಲೆ ಬದಲಿಸಿ ಏನೂ ಉಪಯೋಗವಿಲ್ಲ’ ಎನ್ನುವವರಿದ್ದಾರೆ. ಜನನ ತೂಕದಲ್ಲಿ, ಶಿಶುಗಳ ತೀವ್ರ ನ್ಯುಮೋನಿಯಾದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದು ನಿಜ. ಆದರೆ ಮಹಿಳೆಯರು ಸೇರಿಕೊಂಡದ್ದು ಗರ್ಭದ 9ರಿಂದ 20ನೇ ವಾರದ ನಡುವೆ, ಅಷ್ಟರೊಳಗೆ ಎಷ್ಟೋ ತಿಂಗಳು, ವರ್ಷಗಳ ಹೊಗೆ ಒಳಗಿಳಿದಿತ್ತು. ಸೌದೆ ಒಲೆಯ ಗುಂಪಿನವರು ಉಸಿರಾಡಿದ ಪಿಎಂ 2.5 ಸುಮಾರು 70 ಮೈಕ್ರೊಗ್ರಾಂ ಇದ್ದರೆ ಅನಿಲದ ಗುಂಪಿನಲ್ಲಿ ಸುಮಾರು 24. ದೊಡ್ಡ ಇಳಿಕೆಯೇ. ಆದರೂ 24 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿಯಾದ 5ರ ಹತ್ತಿರಹತ್ತಿರ ಐದು ಪಟ್ಟು. ತನ್ನ ಒಲೆ ಆರಿದರೂ ಪಕ್ಕದ ಮನೆಯ ಒಲೆ, ರಸ್ತೆ, ಸುಡುವ ಕಸ ಎಲ್ಲವೂ ಹಾಗೇ ಇರುತ್ತವೆ. ಚಿಮಣಿ ಹಾಕಿದರೂ ಹೊಗೆ ಹೋಗುವುದು ನೆರೆಯವಳ ಅಂಗಳಕ್ಕೆ. ಆದ್ದರಿಂದ ಒಂದೊಂದೇ ಮನೆಗಲ್ಲ, ಇಡೀ ಕೇರಿಗೆ ಒಮ್ಮೆಲೇ ಇಂಧನ ಬದಲಾಗಬೇಕು, ಗರ್ಭ ಧರಿಸುವ ಮೊದಲೇ ಬದಲಾಗಬೇಕು ಎಂಬುದು ನಾವು ಓದಿಕೊಂಡ ಪಾಠ. ಹೊಸ ಒಲೆ ಬಂದ ಮನೆಗಳಲ್ಲಿ ಹಳೆಯದೂ ಉರಿಯುತ್ತಿರುವುದಕ್ಕೆ ಮುಖ್ಯ ಕಾರಣ ಅಜ್ಞಾನವಲ್ಲ, ಮರುತುಂಬಿಸುವ ಅನಿಲದ ಖರ್ಚು. ಒಲೆ ಹಂಚಿದ ಸಂಖ್ಯೆಯನ್ನು ಘೋಷಿಸುವವರು ವರ್ಷಕ್ಕೆ ಎಷ್ಟು ಬಾರಿ ಮರುತುಂಬಿಸಲಾಯಿತು ಎಂಬುದನ್ನೂ ಹೇಳಲಿ.

ಬ್ರಿಟನ್ನಿನಲ್ಲಿ 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದ 427 ಗರ್ಭಿಣಿಯರ ಅಧ್ಯಯನದಲ್ಲಿ ಶೇ 56 ಮಂದಿ ಕಪ್ಪು ಅಥವಾ ಇತರ ಅಲ್ಪಸಂಖ್ಯಾತ ಜನಾಂಗದವರಾಗಿದ್ದರು. ಇದನ್ನು ಗಾಳಿಯೊಂದರ ತಲೆಗೆ ಕಟ್ಟಲಾಗದು. ಕಿಕ್ಕಿರಿದ ಮನೆ, ರಜೆಯಿಲ್ಲದ ಕೆಲಸ, ತಡವಾದ ಚಿಕಿತ್ಸೆ ಎಲ್ಲ ಹೆಣೆದುಕೊಂಡಿವೆ. ಬಿಡಿಸಿ ನೋಡಲು ಬೇಕಾದ ಮಾಹಿತಿಯನ್ನು ಯಾರೂ ಕೇಳಿ ಬರೆದುಕೊಂಡಿರುವುದಿಲ್ಲ, ನಮ್ಮ ತಕರಾರು ಅಷ್ಟೇ. ತಾಯಂದಿರ ಸಾವುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ‘ಪರೋಕ್ಷ ಕಾರಣ’ ಎಂಬ ಶೀರ್ಷಿಕೆಯಡಿ ಹೋಗುತ್ತವೆ. ನ್ಯುಮೋನಿಯಾ, ಕ್ಷಯ ಅಲ್ಲೇ ಸೇರಿಕೊಂಡು ಮರೆಯಾಗುತ್ತವೆ.

ಹಾಗಾಗಿ ಮೊದಲ ಗರ್ಭಿಣಿ ತಪಾಸಣೆಯಲ್ಲೇ ರಕ್ತದೊತ್ತಡದ ಪಕ್ಕದಲ್ಲಿ ಕೆಲವು ಉತ್ತರಗಳು ದಾಖಲಾಗಬೇಕು. ‘ಮನೆಯಲ್ಲಿ ಯಾವ ಒಲೆ?’ ಎಂದಲ್ಲ, ‘ನಿನ್ನೆ ಯಾವ ಯಾವ ಒಲೆ ಉರಿಸಿದಿರಿ, ಸ್ನಾನದ ನೀರಿಗೆ ಏನು?’ ಎಂದು ಕೇಳಬೇಕು. ಅಡುಗೆಗೆ ಅನಿಲವಿದ್ದರೂ ನೀರು ಕಾಯಿಸಲು ಸೌದೆ ಇರುವುದೇ ಹೆಚ್ಚು, ಮೊದಲ ಪ್ರಶ್ನೆಗೆ ಅದು ಸಿಕ್ಕುವುದಿಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ ಕೆಲಸ? ಮಲಗುವ ಕೋಣೆಯಲ್ಲಿ ಎಷ್ಟು ಜನ, ಅವರಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಇದೆಯೇ, ಯಾರಾದರೂ ಒಳಗೆ ಬೀಡಿ ಸಿಗರೇಟು ಸೇದುತ್ತಾರೆಯೇ, ಸೊಳ್ಳೆಬತ್ತಿ ಹಚ್ಚುತ್ತಾರೆಯೇ? ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಬತ್ತಿ ಹತ್ತಾರು ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ, ಸೊಳ್ಳೆಪರದೆ ಕಟ್ಟಿಕೊಳ್ಳುವುದು ಮೇಲು. ಅವಳಿಗೇ ಎರಡು ವಾರದ ಕೆಮ್ಮಿದ್ದರೆ ‘ಹೊಗೆಯ ಕೆಮ್ಮು’ ಎಂದುಕೊಳ್ಳದೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯ ಬಾಣಂತನದ ತಿಂಗಳುಗಳಲ್ಲಿ ತಲೆಯೆತ್ತುವುದು ಹೆಚ್ಚು, ಆಗ ತಪಾಸಣೆ ನಿಂತುಹೋಗಿರುತ್ತದೆ.

ಕಾಯುವ ಕೋಣೆಯೂ ಸೋಂಕಿನ ಜಾಗವೇ. ಜ್ವರದವರ ಸಾಲು, ಗರ್ಭಿಣಿಯರ ಸಾಲು ಒಂದೇ ಮುಚ್ಚಿದ ಪಡಸಾಲೆಯಲ್ಲಿ ಇರಕೂಡದು. ಇಂಗಾಲದ ಡೈಆಕ್ಸೈಡ್ ಮಾಪಕ ಇಟ್ಟು ನೋಡಿ, ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420) ಇರುತ್ತದೆ. ಒಳಗೆ 1,000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಕಿಟಕಿ ತೆರೆದರೆ ಮಾಲಿನ್ಯ, ಮುಚ್ಚಿದರೆ ವೈರಸ್ ಎಂಬ ಇಕ್ಕಟ್ಟು ಇಲ್ಲೇ ಬರುವುದು. ಏರ್ ಪ್ಯೂರಿಫೈಯರ್‌ನಲ್ಲಿರುವ, ಸೂಕ್ಷ್ಮ ಕಣ ಹಿಡಿಯುವ ಹೆಪಾ ಶೋಧಕ ಎರಡನ್ನೂ ಹಿಡಿಯುತ್ತದೆ, ಆದ್ದರಿಂದ ಒಬ್ಬೊಬ್ಬರ ಮಲಗುವ ಕೋಣೆಗಿಂತ ನೂರಾರು ಗರ್ಭಿಣಿಯರು ಬಂದುಹೋಗುವ ಈ ಕೋಣೆಗೆ ಅದು ಹೆಚ್ಚು ಬೇಕು. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ ಐದರಿಂದ ಗುಣಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುವ ಯಂತ್ರ ಬೇಕೆಂದು ತಿಳಿಯುತ್ತದೆ. 4 ಮೀಟರ್, 3 ಮೀಟರ್, 3 ಮೀಟರ್ ಕೋಣೆಗೆ 180. ಡಬ್ಬಿಯ ಮೇಲಿನ ಅಂಕಿ ಅತಿವೇಗದ್ದು. ಸದ್ದು ತಾಳಲಾರದೆ ಕಡಿಮೆ ವೇಗಕ್ಕಿಟ್ಟರೆ ಅರ್ಧವೂ ಸಿಗುವುದಿಲ್ಲ, ಹಾಗಾಗಿ ಒಂದು ಅಳತೆ ದೊಡ್ಡದನ್ನೇ ತರಬೇಕು. ಗೋಡೆಗೆ ಒತ್ತಿ ಇಡುವುದು, ಬಾಗಿಲು ತೆರೆದಿಟ್ಟು ನಡೆಸುವುದು, ಕಪ್ಪಗಾದ ಶೋಧಕವನ್ನು ಬದಲಿಸದಿರುವುದು ಸಾಮಾನ್ಯ ತಪ್ಪುಗಳು. ಓಝೋನ್ ಬಿಡುವ ಯಂತ್ರಗಳು ಬೇಡವೇ ಬೇಡ. ಹೆಪಾಗೆ ಅನಿಲಗಳನ್ನು ತಡೆಯಲಾಗದು ಎಂಬುದೂ ನೆನಪಿರಲಿ.

ಮಾಸ್ಕ್ ಕೊನೆಯ ಉಪಾಯ. ಎನ್95 ಹಾಕಿದರೆ ಎರಡೂ ಪಟ್ಟಿ ತಲೆಯ ಹಿಂದೆ, ಒಂದು ಮೇಲೆ, ಒಂದು ಕುತ್ತಿಗೆಯಲ್ಲಿ ಇರಬೇಕು. ಮೂಗಿನ ತಂತಿಯನ್ನು ಎರಡೂ ಕೈಗಳಿಂದ ಒತ್ತಿ, ಜೋರಾಗಿ ಉಸಿರು ಬಿಟ್ಟು ಅಂಚಿನಿಂದ ಗಾಳಿ ಸೋರುತ್ತದೆಯೇ ನೋಡಬೇಕು. ಸೋರಿದರೆ ಅದರ ರಕ್ಷಣೆ ಬಹಳ ತಗ್ಗುತ್ತದೆ. ಬೆವರಿಗೆ ಒದ್ದೆಯಾದದ್ದನ್ನು ಬದಲಿಸಬೇಕು. ಮೂಗು ಕಟ್ಟಿದ ಗರ್ಭಿಣಿಗೆ ಅದನ್ನು ಹಾಕಿಕೊಂಡು ಮೂಟೆ ಹೊರುವುದು ಹಿಂಸೆ, ಗಂಟೆಗೊಮ್ಮೆ ಬಿಡುವು ಕೊಡದ ಮಾಲೀಕ ಮಾಸ್ಕ್ ಹಂಚಿದರೆ ಪ್ರಯೋಜನವಿಲ್ಲ. ಅದಕ್ಕಿಂತ ನಸುಕಿನ ಗುಡಿಸುವ ಪಾಳಿಯನ್ನು ಬಿಸಿಲೇರಿದ ಮೇಲಕ್ಕೆ ತಳ್ಳುವುದು, ನೀರು ಚಿಮುಕಿಸಿ ಗುಡಿಸುವುದು, ಗರ್ಭಿಣಿಯನ್ನು ಸಂಬಳ ಕಡಿಮೆ ಮಾಡದೆ ರಸ್ತೆಯಿಂದ ಒಳಗಿನ ಕೆಲಸಕ್ಕೆ ಬದಲಿಸುವುದು ಹೆಚ್ಚು ಪರಿಣಾಮಕಾರಿ. ಸಂಬಳ ಕಡಿತವಾಗುತ್ತದೆ ಎಂದರೆ ಅವಳು ಬಸುರಿ ಎಂಬುದನ್ನೇ ಐದು ತಿಂಗಳು ಮುಚ್ಚಿಡುತ್ತಾಳೆ, ಮೊದಲ ತಪಾಸಣೆಯೂ ಅಷ್ಟೇ ತಡವಾಗುತ್ತದೆ.

ಲಸಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಷ್ಕ್ರಿಯ ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಗರ್ಭಿಣಿಯರಿಗೆ ಮೊದಲ ಆದ್ಯತೆ ನೀಡಬೇಕೆಂದಿದೆ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಮಾತ್ರ ಸಲ್ಲದು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು, ಆದ್ದರಿಂದ ಫ್ಲೂ ಹರಡತೊಡಗಿದ ಮೇಲೆ ತರಿಸಿದ ಲಸಿಕೆ ಅರ್ಧ ವ್ಯರ್ಥ. ನಾಯಿಕೆಮ್ಮಿನ ಲಸಿಕೆ ಸಾಮಾನ್ಯವಾಗಿ 27ರಿಂದ 36ನೇ ವಾರದೊಳಗೆ. ಎರಡನ್ನೂ ತಪಾಸಣೆಗೆ ಬಂದ ದಿನವೇ ಅಲ್ಲೇ ಚುಚ್ಚಬೇಕು. ‘ಇನ್ನೊಂದು ದಿನ, ಇನ್ನೊಂದು ಕಟ್ಟಡಕ್ಕೆ ಬನ್ನಿ’ ಎಂದರೆ ಆ ಇನ್ನೊಂದು ದಿನದ ಕೂಲಿ ಬಿಡಲಾಗದವಳು ಬರುವುದಿಲ್ಲ.

ನಿಮ್ಮ ಪತ್ರಿಕೆಯಿಂದಲೂ ನಮ್ಮದೊಂದು ಕೋರಿಕೆ ಇದೆ. ವಾಯು ಸೂಚ್ಯಂಕ ಅಚ್ಚು ಮಾಡುವಾಗ ದಿನದ ಸರಾಸರಿಯ ಜೊತೆ ಅತಿ ಕೆಟ್ಟ ಮೂರು ಗಂಟೆ ಯಾವುವು, ಆಗ ಪಿಎಂ 2.5 ಎಷ್ಟಿತ್ತು, ಅಂಕಿ ಏರಿಸಿದ ಮಾಲಿನ್ಯಕಾರಕ ಯಾವುದು, ಮಾಪಕ ಇರುವುದು ಎಲ್ಲಿ ಎಂಬುದನ್ನೂ ಕೊಡಿ. ಮಾಪಕವೇ ಇಲ್ಲದ ಬಡಾವಣೆಗಳ ಹೆಸರಿನ ಮುಂದೆ ಹತ್ತಿರದ ಕೇಂದ್ರದ ಅಂಕಿಯನ್ನು ತುಂಬಬೇಡಿ, ‘ಅಳತೆ ಇಲ್ಲ’ ಎಂದೇ ಅಚ್ಚು ಮಾಡಿ. ಚೌಕಟ್ಟಿನ ಸಲಹೆಗಳಲ್ಲಿ ಗರ್ಭಿಣಿಗೆ ಹೇಳುವ ಪ್ರತಿ ಸಾಲಿನ ಪಕ್ಕದಲ್ಲಿ ಅವಳ ಮಾಲೀಕರಿಗೆ, ಸ್ಥಳೀಯ ಆಡಳಿತಕ್ಕೆ, ಆಸ್ಪತ್ರೆಗೆ ಹೇಳುವ ಒಂದು ಸಾಲೂ ಇರಲಿ. ಉಸಿರು 60 ಸೆಕೆಂಡ್ ಎಣಿಸುವ ವಿಧಾನವನ್ನು ಚಿತ್ರಸಮೇತ ಪ್ರಕಟಿಸುವುದಾದರೆ ಬೇಕಾದ ವಿವರಗಳನ್ನು ನಾವು ಒದಗಿಸುತ್ತೇವೆ.

ಇತಿ,
ಗರ್ಭಿಣಿಯರ ಆರೈಕೆ, ಶ್ವಾಸಕೋಶ ಚಿಕಿತ್ಸೆ ಮತ್ತು ವಾಯುಮಾಪನ ಕ್ಷೇತ್ರದ ಕೆಲವರು